ನಿಧಾನದವಳು ಮುಂದೆ

ಬೆಟ್ಟದ ಮೇಲಿನ ಸರೋವರಕ್ಕೆ ಹೊರಡುವ ಮೊದಲು ಕೋರಲೀ ಬೇಟ್ಸ್ ಹುಡುಗಿಯರ ಸಾಲನ್ನು ಬದಲಾಯಿಸಿದಳು. ಎಲ್ಲರಿಗಿಂತ ಮುಂದೆ ಹೋಗಿ ನಿಂತಿದ್ದ ಬ್ರಿನ್ಲಿಯ ಹೆಗಲು ಹಿಡಿದು, ಮೆಲ್ಲಗೆ ಹಿಂದಕ್ಕೆ ಕರೆತಂದು, ಕೊನೆಯಲ್ಲಿ ತನ್ನ ಪಕ್ಕ ನಿಲ್ಲಿಸಿಕೊಂಡಳು. ಬ್ರಿನ್ಲಿಗೆ ಹನ್ನೆರಡು ವರ್ಷ. ತುಂಬಿದ ಮೈ, ನಾಲ್ಕು ಹೆಜ್ಜೆ ಏರಿದರೆ ಏದುಸಿರು. ನಾವಿಬ್ಬರೂ ಆರಾಮಾಗಿ ಬರೋಣ, ಯಾರ ಗೊಡವೆಯೂ ನಮಗೆ ಬೇಡ ಎಂದು ಕೋರಲೀ ಹೇಳಿದರೂ ಹುಡುಗಿ ತಾನು ನಿಂತಿದ್ದ ಜಾಗವನ್ನೇ ನೋಡುತ್ತಿದ್ದಳು.

ಐಡಹೋದ ಪೈನ್ ಕಾಡಿನಲ್ಲಿ ನಡೆಯುವ ಆ ಚರ್ಚಿನ ಹುಡುಗಿಯರ ಬೇಸಿಗೆ ಶಿಬಿರದಲ್ಲಿ ಹಳೆಯದೊಂದು ಕಟ್ಟಳೆಯಿತ್ತು: ಬೆಟ್ಟ ಹತ್ತುವ ದಿನ ಎಲ್ಲರಿಗಿಂತ ನಿಧಾನದವಳು ಸಾಲಿನ ಮುಂದೆ ನಡೆಯಬೇಕು, ಅವಳನ್ನು ಯಾರೂ ದಾಟಬಾರದು. ಕೋರಲೀ ಹುಡುಗಿಯಾಗಿದ್ದಾಗ ಆ ಜಾಗ ಅವಳದಾಗಿತ್ತು. ಅವತ್ತಿನ ನಾಚಿಕೆ ಇಪ್ಪತ್ತು ವರ್ಷವಾದರೂ ಆರಿರಲಿಲ್ಲ. ಈ ಸಲ ಶಿಬಿರಕ್ಕೆ ನೀನೇ ನಾಯಕಿ ಎಂದು ಬಿಷಪ್ಪರು ಕರೆದು ಹೇಳಿದಾಗ ಅವಳು ಒಪ್ಪಿಕೊಂಡದ್ದೇ ಈ ಒಂದು ಕಟ್ಟಳೆಯನ್ನು ಮುರಿಯುವುದಕ್ಕೆ. ಆ ಚರ್ಚಿನಲ್ಲಿ ದೊಡ್ಡ ಹೆಂಗಸರನ್ನೆಲ್ಲ ಸಿಸ್ಟರ್ ಎಂದೇ ಕರೆಯುತ್ತಾರೆ. ಅಂದು ಅವಳನ್ನು ಮುಂದೆ ನಿಲ್ಲಿಸಿದ ನಾಯಕಿ, ಏಳು ಮಕ್ಕಳ ತಾಯಿ ಸಿಸ್ಟರ್ ಹ್ಯಾಚ್, ಎಪ್ಪತ್ತು ದಾಟಿದರೂ ಮೇಕೆಯಂತೆ ಬೆಟ್ಟ ಹತ್ತುತ್ತಿದ್ದರು. ಔಷಧಿಯ ಚೀಲ ಹೊರಲು ಈಗಲೂ ಶಿಬಿರಕ್ಕೆ ಬರುತ್ತಿದ್ದರು. ಬೆಳಿಗ್ಗೆ ಪ್ಯಾನ್‌ಕೇಕ್ ಮಗುಚುತ್ತಾ ಕೋರಲೀಯ ಯೋಚನೆಯನ್ನು ಕೇಳಿಸಿಕೊಂಡು, ಈ ವರ್ಷದ ಯಜಮಾನಿ ನೀನು, ನಿನ್ನಿಷ್ಟ ಎಂದಷ್ಟೇ ಹೇಳಿದ್ದರು.

ಮುಂದಿನ ಹುಡುಗಿಯರು ಹಗ್ಗ ಬಿಚ್ಚಿದ ಕರುಗಳಂತೆ ಓಡಿದರು. ಅವರ ಹಾಡು ಸ್ವಲ್ಪ ಹೊತ್ತು ಕೇಳಿಸಿತು, ಆಮೇಲೆ ಅದೂ ಇಲ್ಲ. ಮೊದಲ ತಿರುವಿನಲ್ಲಿ ಅವರೆಲ್ಲ ಕೂತು ದಣಿವಾರಿಸಿಕೊಳ್ಳುತ್ತಿದ್ದರು. ಬ್ರಿನ್ಲಿ ಹೇಗೋ ಕಾಲೆಳೆದುಕೊಂಡು ಅಲ್ಲಿಗೆ ಮುಟ್ಟುವಷ್ಟರಲ್ಲಿ, ಬಂದರಲ್ಲ ಇನ್ನು ಹೊರಡೋಣ ಎಂದು ಬಟ್ಟೆಯ ಧೂಳು ಕೊಡವಿ ಎದ್ದರು. ಎರಡನೆಯ ತಿರುವಿನಲ್ಲೂ ಇದೇ ಕತೆ. ಅದರಾಚೆ ಉರುಳಿ ಬಿದ್ದ ಮರವೊಂದಿತ್ತು. ಬ್ರಿನ್ಲಿ ಅದರ ಮೇಲೆ ಕುಳಿತವಳು ಏಳಲಿಲ್ಲ.

"ನಾನು ಕೆಳಗೆ ಹೋಗ್ತೀನಿ ಸಿಸ್ಟರ್. ನಾಳೆ ಅಮ್ಮಂಗೆ ಬರೋಕೆ ಹೇಳಿ."

"ಯಾಕೆ ಮರಿ? ನಿಂಗೆ ಬೇಜಾರಾಗಬಾರದು ಅಂತಾನೇ ಹಿಂದೆ ಕರ್ಕೊಂಡು ಬಂದೆ. ಮುಂದೆ ಹೋದ್ರೆ ಎಲ್ಲರ ಕಣ್ಣೂ ನಿನ್ನ ಮೇಲೇ ಇರುತ್ತಲ್ಲ."

"ಇರ್ಲಿ ಬಿಡಿ, ನಂಗೇನು? ಸ್ಕೂಲಲ್ಲಿ ಯಾವಾಗ್ಲೂ ನಾನೇ ಹಿಂದೆ. ನಾನು ಮುಟ್ಟೋ ಹೊತ್ತಿಗೆ ಅವ್ರು ನೀರು ಕುಡಿದು ಎದ್ದುಬಿಡ್ತಾರೆ. ಎಲ್ಲಾರ್ಗಿಂತ ಜಾಸ್ತಿ ಸುಸ್ತಾಗೋದು ನಂಗೆ, ಕೂರೋಕೆ ಸಿಗದೇ ಇರೋದೂ ನಂಗೇ. ಇಲ್ಲಿ ಹಂಗಲ್ಲ, ನಿಧಾನದವಳೇ ಮುಂದೆ ಅಂತ ನಮ್ಮಕ್ಕ ಹೇಳಿದ್ಲು. ಅದಕ್ಕೇ ಬಂದಿದ್ದು ನಾನು."

ತನ್ನ ಹಳೆಯ ಗಾಯಕ್ಕೆ ಈ ಹುಡುಗಿಯ ಕಾಲಿಗೆ ಪಟ್ಟಿ ಕಟ್ಟಿದ್ದೆನಲ್ಲ ಎಂದು ಕೋರಲೀಗೆ ತನ್ನ ಮೇಲೇ ಸಿಟ್ಟು ಬಂತು. ಕೊರಳಿನ ಸೀಟಿಯನ್ನು ಊದಿದಳು.

ಸಾಲು ನಿಂತಿತು. ಬ್ರಿನ್ಲಿ ಎಲ್ಲರನ್ನೂ ಹಾದು ಮುಂದೆ ಹೋದಳು. ಹೀಗಾದರೆ ಸರೋವರ ನೋಡುವುದು ಕ್ರಿಸ್ಮಸ್ಸಿಗೇ ಎಂದು ಯಾರೋ ಗೊಣಗಿದರು, ಸಿಸ್ಟರ್ ಹ್ಯಾಚ್ ತಿರುಗಿ ನೋಡಿದ್ದೇ ತೆಪ್ಪಗಾದರು. ಈಗ ಬ್ರಿನ್ಲಿ ನಿಂತರೆ ಎಲ್ಲರೂ ನಿಲ್ಲಬೇಕು, ಅವಳು ಕೂತು ನೀರು ಕುಡಿದರೆ ಎಲ್ಲರೂ ಕೂರಬೇಕು. ಅವಳು ಯಾವ ಸಂಕೋಚವೂ ಇಲ್ಲದೆ ಬೇಕಾದಷ್ಟು ಸಲ ಕೂತಳು. ಬಾಲದಲ್ಲಿದ್ದ ಕೋರಲೀಗೇ ಸಂಕಟ. ದಾರಿಯುದ್ದಕ್ಕೂ ಅವಳು ಹುಡುಗಿಯರನ್ನೇ ಗಮನಿಸುತ್ತಾ ನಡೆದಳು. ಎತ್ತರದ ಹುಡುಗಿಯೊಬ್ಬಳು ಪಕ್ಕದವಳನ್ನು ಮೊಣಕೈಯಿಂದ ತಿವಿದು ಮುಸಿಮುಸಿ ನಕ್ಕದ್ದು ಅವಳ ಕಣ್ಣಿಗೆ ಬಿತ್ತು. ಬ್ರಿನ್ಲಿಗೆ ಅದು ಗೊತ್ತೇ ಆಗಲಿಲ್ಲ. ಅವಳು ಒಂದು ಸಲವೂ ಹಿಂದೆ ತಿರುಗಲಿಲ್ಲ.

ಕೋರಲೀ ಮೇಲೆ ಮುಟ್ಟುವಷ್ಟರಲ್ಲಿ ಬ್ರಿನ್ಲಿ ಬೂಟು ಬಿಚ್ಚಿಟ್ಟು, ಕಾಲುಗಳನ್ನು ನೀರಿಗೆ ಇಳಿಬಿಟ್ಟು ಕೂತಿದ್ದಳು. ಆಚೆ ದಡದಲ್ಲಿ ಇನ್ನೂ ಹಿಮವಿತ್ತು. ಹುಡುಗಿಯರು ಒಬ್ಬೊಬ್ಬರಾಗಿ ಬಂದು ಅವಳ ಪಕ್ಕ ಕೂತರು. ಇನ್ನು ಹೊರಡೋಣ ಎಂದು ಯಾರೂ ಅನ್ನಲಿಲ್ಲ.

ಸರೋವರ ಇಷ್ಟು ಚೆನ್ನಾಗಿದೆ ಎಂದು ನನಗೆ ನೆನಪೇ ಇಲ್ಲವಲ್ಲ ಎಂದಳು ಕೋರಲೀ.

ಸಿಸ್ಟರ್ ಹ್ಯಾಚ್ ಚೀಲವನ್ನು ಕೆಳಗಿಳಿಸಿದರು. "ನೆನಪಿಲ್ವಾ? ಆ ವರ್ಷ ಇಲ್ಲಿಗೆ ಎಲ್ಲಾರ್ಗಿಂತ ಮೊದಲು ಬಂದೋಳು ನೀನು."

"ಎಲ್ರೂ ನಗ್ತಿದ್ರು ಸಿಸ್ಟರ್."

"ಒಬ್ಬಳು ನಗ್ತಿದ್ಲು, ನಿಜ. ಮಿಕ್ಕೋರಿಗೆ ನಗೋಕೆ ಉಸಿರೆಲ್ಲಿತ್ತು? ನೀನು ಮಾತ್ರ ನೀರಿಗೆ ಬೆನ್ನು ಹಾಕ್ಕೊಂಡು ಅವಳೊಬ್ಬಳನ್ನೇ ನೋಡ್ತಾ ನಿಂತಿದ್ದೆ."