ಎಡಗೈಯ ಹಿಡಿ

"ಕುದುರೆ ಏಳ್ತಾ ಇಲ್ಲ, ಉಸ್ತಾ."

ಮೂರು ದಿನದಲ್ಲಿ ಮೂರನೆಯ ಸಲ ಠಾಕೂರ್ ಮೇಘಸಿಂಗರು ಅದೇ ಮಾತು ಹೇಳಿ, ಅದೇ ರಿವಾಲ್ವರನ್ನು ಅದೇ ಮಣೆಯ ಮೇಲೆ ಇಟ್ಟರು. ಫಕೀರ್‌ಬಕ್ಷನ ಕಿವಿ ಕೆಂಪಾಯಿತು. ಜೋಧಪುರದ ಆ ಗಲ್ಲಿಯಲ್ಲಿ ಅವನ ಮುತ್ತಜ್ಜ ಕೋವಿ ರಿಪೇರಿಯ ಅಂಗಡಿ ಹಾಕಿದಂದಿನಿಂದ ಒಂದು ಮಾಲೂ ಎರಡು ಸಲ ವಾಪಸು ಬಂದದ್ದಿಲ್ಲ.

ರಿವಾಲ್ವರನ್ನೆತ್ತಿ ಹೆಬ್ಬೆರಳಿನಿಂದ ಅದರ ಕುದುರೆಯನ್ನು, ತೋಟೆಗೆ ಬಡಿಯುವ ಕೊಕ್ಕೆಯನ್ನು, ಹಿಂದಕ್ಕೆ ಒತ್ತಿದ. ಬೆಣ್ಣೆಯಿಂದ ಕೂದಲೆಳೆದಷ್ಟು ಸಲೀಸಾಗಿ ಎದ್ದು ನಿಂತಿತು.

"ಏಳ್ತದಲ್ಲ ಹುಕುಂ. ನೋಡಿ."

ಠಾಕೂರರು ನೋಡಲೂ ಇಲ್ಲ. "ಇನ್ನು ಏಳಲ್ಲ ಬಿಡು. ಇದು ನನ್ನ ಕೈಗೆ ಒಗ್ಗೋ ಹಾಗಾದ್ರೂ ಮಾಡು."

ಅವರಪ್ಪ ದೊಡ್ಡ ಯುದ್ಧದಿಂದ ತಂದ ವಿಲಾಯಿತಿ ರಿವಾಲ್ವರ್ ಅದು. ದೊಡ್ಡ ಬಲಗೈಗೆಂದು ಹುಟ್ಟಿದ್ದು. ಠಾಕೂರರ ಬಲಗೈಯನ್ನು ಎರಡು ವರ್ಷದ ಹಿಂದೆ ಲಕ್ವ ಹೊಡೆದಿತ್ತು. ಮೊದಲ ಸಲ ಬಂದಾಗ ಫಕೀರ್‌ಬಕ್ಷ ಬಿಗಿ ಸ್ಪ್ರಿಂಗ್ ತೆಗೆದು ತೆಳುವಾದದ್ದು ಹಾಕಿಕೊಟ್ಟ. ಎರಡನೆಯ ಸಲ ಸಜ್ಜೆ ಹಿಟ್ಟಿನ ಮುದ್ದೆಯನ್ನು ಅವರ ಎಡಗೈಯಲ್ಲಿ ಅಮುಕಿಸಿ ಅಚ್ಚು ತೆಗೆದುಕೊಂಡ. ಬೆರಳಿನ ಒಂದೊಂದು ಕುಳಿಯನ್ನೂ ನೋಡಿ ನೋಡಿ, ರೋಹಿಡಾ ಮರದಲ್ಲಿ ಹೊಸ ಹಿಡಿ ಕೆತ್ತಿದ. ಅಚ್ಚಿಗೆ ಬೆಲ್ಲದ ಚೂರೊಂದು ಅಂಟಿತ್ತು. ಮುದುಕರಿಗೆ ಸಿಹಿಯ ಚಪಲ ಎಂದುಕೊಂಡು ಕಿತ್ತೆಸೆದಿದ್ದ. ಇಷ್ಟು ಮಾಡಿದ ಮೇಲೂ ಅದೇ ರಾಗ.

ಸಿಟ್ಟು ನುಂಗಿಕೊಂಡು ಕೇಳಿದ, ಗುರಿ ನೋಡುವ ಮೊನೆಯನ್ನು ಎಡಗಣ್ಣಿಗೆ ತಿದ್ದಲೇ, ಎಷ್ಟು ದೂರದಿಂದ ಹೊಡೆಯುವುದು ಎಂದು.

"ದೂರ ಎಲ್ಲಿಂದ ಬಂತು? ಹಣೆಗೆ ತಾಗಿಸಿ."

ಫಕೀರ್‌ಬಕ್ಷ ಉಜ್ಜಲೆಂದು ಎತ್ತಿಕೊಂಡ ಅರವನ್ನು ಕೆಳಗಿಟ್ಟ. "ಅಷ್ಟು ಹತ್ತಿರಕ್ಕೆ ಯಾರು ಬಿಟ್ಕೋತಾರೆ ಹುಕುಂ?"

"ನನ್ನನ್ನ ಬಿಟ್ಕೋತಾನೆ. ಇಪ್ಪತ್ತಾರು ವರ್ಷ ನನ್ನ ಅಂಗಳದಲ್ಲಿ ತಿಂದವನು."

ಬೇರೆಯವರ ಕೈ ಅವನ ಮೇಲೆ ಬೀಳಕೂಡದು, ಮನೆಯ ಕೆಲಸ ಮನೆಯ ಕೈಯಲ್ಲೇ ಮುಗಿಯಬೇಕು, ಎರಡನೆಯ ಗುಂಡು ಬೇಕಾಗಕೂಡದು ಎಂದರು. ನಾಳೆ ಬೆಳಿಗ್ಗೆಗೆ ಸಿದ್ಧವಿರಲಿ, ಇನ್ನು ಕಾಯುವುದಾಗದು ಎಂದರು. ಕಣ್ಣಿಗೆ ಮರಳು ಬಿದ್ದವರಂತೆ ಉಜ್ಜಿಕೊಳ್ಳುತ್ತ ಹೊರಟುಹೋದರು.

ಒಳಬಾಗಿಲ ಪರದೆ ಸರಿಯಿತು. ಹೆಂಡತಿ ಜೈಬುನ್.

"ಎರಡು ಸಲ ವಾಪಸು ಬಂತಲ್ಲ, ನಾಳೆಯಿಂದ ಲಾಟೀನು ರಿಪೇರಿ ಶುರುಮಾಡಿ," ಎಂದು ಕೆಣಕಿದವಳು, ಗಂಡನ ಮುಖ ಕಂಡು ದನಿ ತಗ್ಗಿಸಿದಳು. "ಠಾಕೂರರ ಮಲತಮ್ಮ ಗುಮಾನ್‌ಸಿಂಗ್... ಅವನಿಗೀಗ ಇಪ್ಪತ್ತಾರೇ ಅಲ್ವಾ?"

ಅವಳು ಹೇಳದಿದ್ದರೂ ಊರಿಗೆಲ್ಲ ಗೊತ್ತಿತ್ತು. ಒಂದೇ ಅಂಗಳ, ಎರಡು ಒಲೆ. ನಡುವಿನ ಬಾವಿಗಾಗಿ ಕೋರ್ಟು. ಹೋದ ವಾರ ಬಜಾರಿನ ನಟ್ಟನಡುವೆ ಠಾಕೂರರು ತಮ್ಮನ ಮೇಲೆ ಕೋಲೆತ್ತಿದ್ದರು.

ಫಕೀರ್‌ಬಕ್ಷ ಊಟ ಬಿಟ್ಟು ಕುಳಿತ. ಠಾಣೆಗೆ ಹೇಳಿದರೆ ನಗುತ್ತಾರೆ. ರಿವಾಲ್ವರ್ ಕೊಡುವುದಿಲ್ಲವೆಂದರೆ ಠಾಕೂರರು ಇನ್ನೊಂದು ಅಂಗಡಿಗೆ ಹೋಗುತ್ತಾರೆ. ತಾನೇ ಅಚ್ಚು ತೆಗೆದು, ತಾನೇ ಕೆತ್ತಿ, ಆ ಕೈಗೆ ಒಂದು ಕೊಲೆಯನ್ನು ಅಳತೆಗೆ ಸರಿಯಾಗಿ ಹೊಲಿದುಕೊಡುತ್ತಿದ್ದೇನೆ ಅನ್ನಿಸಿತು. ತನ್ನ ಜಾಣ್ಮೆಯ ಮೇಲೇ ಅವನಿಗೆ ಹೇಸಿಗೆಯಾಯಿತು.

ಕೊನೆಗೆ ಸಣ್ಣ ಅರ ತೆಗೆದುಕೊಂಡ. ಕುದುರೆಗೊಂದು ಮೂತಿ ಇರುತ್ತದೆ. ಸಜ್ಜೆಕಾಳಿನಷ್ಟು. ಅದು ತೋಟೆಯ ಬೆನ್ನಿಗೆ ಕುಟ್ಟಿದರಷ್ಟೇ ಗುಂಡು. ಆ ಮೂತಿಯನ್ನು ಉಜ್ಜಿ ಉಜ್ಜಿ ಇಲ್ಲವಾಗಿಸಿದ. ಇನ್ನು ಅದು ಟಕ್ ಎನ್ನುತ್ತದೆ, ಮುಟ್ಟುವುದಿಲ್ಲ. ಅಂಗಡಿಯ ಹೆಸರು ಕೆಡುವುದೇ ಆದರೆ ಒಂದು ಜೀವ ಉಳಿಸಿ ಕೆಡಲಿ. ಹೊರಗಿನ ಕೆಲಸವನ್ನು ಮಾತ್ರ ಎಂದಿನಂತೆ ಮನಸ್ಸಿಟ್ಟು ಮಾಡಿದ. ಠಾಕೂರರ ಹೆಬ್ಬೆರಳಿಗೆ ಸಿಗುವಂತೆ ಕುದುರೆಯ ತಲೆಗೆ ಅಗಲವಾದ ನಾಲಿಗೆಯೊಂದನ್ನು ಬೆಸೆದು ಎಡಕ್ಕೆ ಬಾಗಿಸಿದ.

ಬೆಳಿಗ್ಗೆ ಠಾಕೂರರು ಬಂದು ಹಿಡಿದು ನೋಡಿದರು. ಬೆರಳುಗಳು ತಮ್ಮ ತಮ್ಮ ಕುಳಿಯಲ್ಲಿ ಹೋಗಿ ಕುಳಿತವು. ಹೆಬ್ಬೆರಳು ನಾಲಿಗೆಯನ್ನು ಒತ್ತಿತು. ಕುದುರೆ ಎದ್ದಿತು.

"ಈಗ ಕೈಗೆ ಬಂತು." ಹೊಗಳಿದರೋ ಕೊರಗಿದರೋ ತಿಳಿಯಲಿಲ್ಲ. ಜೇಬಿನಿಂದ ಕಾಗದದ ಪೊಟ್ಟಣ ತೆಗೆದು, ಬೆಲ್ಲವನ್ನು ಎರಡು ತುಂಡು ಮಾಡಿ, ಒಂದನ್ನು ಫಕೀರ್‌ಬಕ್ಷನ ಅಂಗೈಗೆ ಹಾಕಿದರು. "ಇಟ್ಕೋ. ನಾಳೆಯಿಂದ ಇದು ನನ್ನ ಜೇಬಲ್ಲಿ ಇರಲ್ಲ."

ಆ ಬೆಲ್ಲವನ್ನು ತಿನ್ನಲು ಅವನಿಗೆ ಮನಸ್ಸಾಗಲಿಲ್ಲ. ಮಣೆಯ ಮೇಲಿಟ್ಟ. ಇರುವೆ ಬಂದವು.

ಮಧ್ಯಾಹ್ನ ಬಾಗಿಲಿಗೆ ನೆರಳು ಬಿತ್ತು. ಗುಮಾನ್‌ಸಿಂಗ್! ಪೇಟ ಬಿಚ್ಚಿಹೋಗಿತ್ತು, ಅಂಗಿಗೆಲ್ಲ ಹುಲ್ಲು ಹತ್ತಿತ್ತು, ಕೈಯಲ್ಲಿ ಅದೇ ರಿವಾಲ್ವರ್. ಆದರೆ ಜೀವಂತ. ಫಕೀರ್‌ಬಕ್ಷ ಮನಸ್ಸಿನಲ್ಲೇ ಅಲ್ಲಾಹನನ್ನು ನೆನೆದ. ನಾಲ್ಕು ದಿನದಲ್ಲಿ ಮೊದಲ ಸಲ ಅವನ ಎದೆ ಹಗುರಾಯಿತು.

"ಏನು ಮಾಡಿಟ್ರಿ ಚಾಚಾ?" ಗುಮಾನನ ದನಿ ಒಡೆದಿತ್ತು. "ಆರು ಸಲ. ಆರೂ ಸಲ ಟಕ್ ಅಂತು, ಅಷ್ಟೇ. ಬಾವಿ ಜಗಳ ಹಾಳಾಗಲಿ ಅಂತ ನಾನೇ ಹೋಗಿ ಅವನ ತಲೆ ಹಿಡ್ಕೊಂಡಿದ್ದೆ. ಪ್ರತಿ ಸಲಾನೂ ಅಣ್ಣನ ಮುಖ ನೋಡ್ತಾನೆ, ಬೆಲ್ಲ ಕೊಡ್ತಾರೇನೋ ಅಂತ. ಅಣ್ಣ ಅಲ್ಲೇ ಅವನ ಪಕ್ಕ ಹುಲ್ಲಿನ ಮೇಲೆ ಕುಸಿದು ಕೂತಿದಾರೆ."

"ಯಾರ ತಲೆ?" ಎಂದ ಫಕೀರ್‌ಬಕ್ಷ.

"ಯಾರದು ಅಂದ್ರೆ? ಲಾಯದಲ್ಲಿ ಬಿದ್ಕೊಂಡಿರೋನದು. ನಾಲ್ಕು ದಿನದಿಂದ ಅಣ್ಣ ನಿಮಗೆ ಹೇಳ್ತಾನೇ ಇದಾರಲ್ಲ ಚಾಚಾ, ಕುದುರೆ ಏಳ್ತಾ ಇಲ್ಲ ಅಂತ."