ಮಾಗ್ನಿಯ ಮೂಗು

"ಇನ್ನೂ ಇದೆ," ಎಂದಳು ಮಾಗ್ನಿ, ದೋಣಿಯ ಕೋಣೆಯ ಬಾಗಿಲಲ್ಲೇ ನಿಂತು. "ಸುಟ್ಟ ರಬ್ಬರು. ಅದರಡಿಗೆ ಏನೋ ಕೊಳೆತದ್ದು. ಏ ಮುದುಕಾ, ನಿಜ ಹೇಳು. ಇದರೊಳಗೆ ಏನು ಬಿಟ್ಟಿದ್ದೀಯ?"

ಎಡ್ವಿನ್ ಮಂಡಿಯೂರಿದ್ದಲ್ಲಿಂದಲೇ ತಲೆ ಎತ್ತಿದ. ದೋಣಿಯ ತಳದಲ್ಲಿ ನಿಂತ ನೀರನ್ನೆಲ್ಲ ಮೊಗೆದು ಚೆಲ್ಲಿ, ಮೂಲೆಮೂಲೆಯನ್ನೂ ಸಾಬೂನು ಹಾಕಿ ಉಜ್ಜಿದ್ದ.

"ಏನೂ ಬಿಟ್ಟಿಲ್ಲ ಮಾರಾಯ್ತಿ. ನನಗೇನೂ ಬರ್ತಾ ಇಲ್ಲ."

"ನಿನಗೆಲ್ಲಿಂದ ಬರತ್ತೆ? ನಿನ್ನ ಮೂಗು ಇರೋದು ಕನ್ನಡಕ ಕೂರಿಸೋಕೆ."

ಅದು ಸುಳ್ಳಲ್ಲ. ಮೀನೆಣ್ಣೆ ಕಾಯಿಸುವ ಕಾರ್ಖಾನೆಯಲ್ಲಿ ದುಡಿದು, ಮೂಗನ್ನು ಅಲ್ಲೇ ಬಿಟ್ಟು ಬಂದವನು ಅವನು. ಮಾಗ್ನಿಯ ಮೂಗೇ ಬೇರೆ. ಲೋಫೋಟೆನ್ ದ್ವೀಪಗಳಲ್ಲಿ ಮರದ ಅಟ್ಟಣೆಗಳಿಗೆ ನೇತುಹಾಕಿ ಗಾಳಿಗೆ ಒಣಗಿಸಿದ ಮೀನನ್ನು ಬೇಸಿಗೆಯಲ್ಲಿ ಇಳಿಸಿದಾಗ, ಒಂದೊಂದನ್ನೂ ಮೂಸಿ, ಇದು ಇಟಲಿಗೆ, ಇದು ಆಫ್ರಿಕಾಕ್ಕೆ, ಇದು ಯಾರಿಗೂ ಬೇಡ ಎಂದು ವಿಂಗಡಿಸುವ ಕೆಲಸ ಅವಳದಾಗಿತ್ತು. ಮೂಸುವಳು, ತುಟಿ ಚಪ್ಪರಿಸುವಳು, ಎಸೆಯುವಳು. ಅವಳು ಪಕ್ಕಕ್ಕೆಸೆದ ಮೀನನ್ನು ಯಜಮಾನನೂ ಮರಳಿ ಎತ್ತುತ್ತಿರಲಿಲ್ಲ. ಕೆಲಸ ಬಿಟ್ಟು ವರ್ಷಗಳಾದರೂ ತುಟಿ ಚಪ್ಪರಿಸುವ ಚಾಳಿ ಹೋಗಿಲ್ಲ ಎಂದು ಬಂದರಿನವರು ನಗುತ್ತಿದ್ದರು.

ನಡುಬೇಸಿಗೆಯ ಹಬ್ಬಕ್ಕೆ ಅವಳು ಹುಟ್ಟಿದ ದ್ವೀಪಕ್ಕೆ ಹೋಗಬೇಕಿತ್ತು. ಸರ್ಕಾರ ಹಣ ಕೊಟ್ಟು ಊರು ಖಾಲಿ ಮಾಡಿಸಿದ ಮೇಲೆ ಅಲ್ಲಿ ಉಳಿದದ್ದು ಮನೆಗಳ ಅಡಿಗಲ್ಲು ಮಾತ್ರ. ಆದರೂ ಅಲ್ಲಿಯವರು ವರ್ಷಕ್ಕೊಮ್ಮೆ ಸೇರುತ್ತಾರೆ, ದೋಣಿಗಳಲ್ಲೇ ಮಲಗುತ್ತಾರೆ. ಅಕ್ಕ ಟೊರೀನಾ ದಕ್ಷಿಣದಿಂದ ಹೇಳಿ ಕಳಿಸಿದ್ದಳು: ನನ್ನ ಕಾಲು ನಡೆಯುವುದು ಇದೊಂದೇ ಬೇಸಿಗೆ, ತಪ್ಪಿಸಬೇಡ.

"ಹೋಗ್ಲೇಬೇಕು ಎಡ್ವಿನ್. ಆದ್ರೆ ಈ ನಾತದಲ್ಲಿ ನಾನು ಮಲಗೋದಿಲ್ಲ."

ಪಕ್ಕದ ದೋಣಿಯ ಒಡ್ಮಾರನನ್ನು ಅವಳೇ ಕರೆದಳು. "ಬಾರಯ್ಯ ಇಲ್ಲಿ, ನೀನೇ ಮೂಸಿ ನೋಡು. ಇವನು ನನ್ನ ಸುಳ್ಳಿ ಮಾಡ್ತಿದ್ದಾನೆ."

ಒಡ್ಮಾರ್ ಕೋಣೆಯೊಳಗೆ ತಲೆ ಹಾಕಿದ. ಬಹಳ ಹೊತ್ತು ಮೂಸಿದ. ಮತ್ತೊಮ್ಮೆ ಮೂಸಿದ. ಆಮೇಲೆ ಮಾಗ್ನಿಯ ಮುಖ ನೋಡಿದ.

"ಹ್ಞಾ... ಇದೆ. ಇದ್ದೇ ಇದೆ."

"ಕೇಳಿಸ್ತಾ ಮುದುಕಾ?"

ಎಡ್ವಿನ್ ಮತ್ತೆ ಬಟ್ಟೆ ಹಿಂಡಿದ. ಗೋಡೆಗಳನ್ನು ವಿನಿಗರಿನಲ್ಲಿ ಒರೆಸಿದ. ಹಾಸಿಗೆಗೆ ಸೋಡಾ ಪುಡಿ ಉದುರಿಸಿ ಬಿಸಿಲಿಗೆ ಹಾಕಿದ. ಬಟ್ಟಲುಗಳಲ್ಲಿ ಕಾಫಿ ಪುಡಿ ಇಟ್ಟ, ಇದ್ದಿಲು ಇಟ್ಟ. ಶೌಚದ ಕೊಳವೆ ಕಿತ್ತು ಹೊಸದು ಹಾಕಿದ. ರಬ್ಬರು ಎಂದಳಲ್ಲ ಎಂದು ಎಂಜಿನ್ನಿನ ಪಟ್ಟಿಯನ್ನೂ ಬದಲಿಸಿದ. ಕೆಲವು ದಿನ ಅವಳು ಒಳಗೆ ಹೋಗಿ, "ಹೋಯ್ತು ಕಣೋ!" ಎನ್ನುತ್ತಿದ್ದಳು. ಅವನ ಎದೆ ಹಗುರಾಗುತ್ತಿತ್ತು. ಮರುದಿನ ಮತ್ತೆ ಅದೇ.

ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ಅವಳ ಮಾತು ಅರ್ಧಕ್ಕೇ ನಿಂತಿತು. ತುಟಿ ಚಪ್ಪರಿಸಿದಳು. ಕೈಯಲ್ಲಿದ್ದ ಬಟ್ಟಲು ವಾಲಿ ಕಾಫಿ ಮಡಿಲಿಗೆ ಸುರಿಯಿತು. ಒರೆಸಿಕೊಳ್ಳಲಿಲ್ಲ.

"ಬಂತು. ನಿನ್ನ ಸ್ವೆಟರಿಂದ. ಮನೆಗೂ ತಂದ್ಯಲ್ಲೋ ಅದನ್ನ!"

ಅವನು ಸ್ವೆಟರ್ ಬಿಚ್ಚಿ ಹೊರಗಿನ ಮೆಟ್ಟಿಲ ಮೇಲೆ ಬಿಟ್ಟು ಬಂದ.

"ಟೊರೀನಾ ಯಾವತ್ತು ಬರ್ತಾಳೆ?" ಎಂದಳು.

ಅದನ್ನು ಈಗಷ್ಟೇ ಕೇಳಿದ್ದಳು, ಅವನು ಹೇಳಿಯೂ ಇದ್ದ. ಪಾಪ, ನಿದ್ದೆಯಿಲ್ಲ ಅವಳಿಗೆ, ಎಲ್ಲ ಈ ನಾತದಿಂದ, ಎಂದುಕೊಂಡು ಮತ್ತೊಮ್ಮೆ ಹೇಳಿದ.

ಕೊನೆಗೆ ಉಳಿದದ್ದು ಮಲಗುವ ಹಲಗೆಗಳು. ಮದುವೆಯಾದ ವರ್ಷ ತಾನೇ ಕೊಯ್ದು, ಉಜ್ಜಿ, ಅವಳ ಅಳತೆಗೆ ಕೂರಿಸಿದ ಪೈನ್ ಮರ. ಅವನ್ನೂ ಕಿತ್ತು ದಡದ ಕಲ್ಲುಗಳ ಮೇಲೆ ಬೆಂಕಿಗೆ ಹಾಕಿದ.

"ಅದನ್ಯಾಕೋ? ಅದು ನೀನು ಮಾಡಿದ್ದಲ್ವಾ?"

"ಮರ ನೋಡು, ಹೀರ್ಕೊಂಡಿರತ್ತೆ."

ಅವಳು ಅವನ ಪಕ್ಕ ಬಂದು ನಿಂತು, ಕುತ್ತಿಗೆಯ ಹಿಂದೆ ಅಂಗೈ ಇಟ್ಟಳು. ಹಲಗೆ ಬೂದಿಯಾಗುವವರೆಗೂ ತೆಗೆಯಲಿಲ್ಲ.

ಹೊರಟ ದಿನ ಸಮುದ್ರ ಹಾಲಿನ ಕೆನೆಯಂತೆ ಮಲಗಿತ್ತು. ಬೋಳು ಕೋಣೆಯೊಳಗೆ ಇಳಿದು ಅವಳು ಉಸಿರೆಳೆದಳು. "ಗೆದ್ದೆ ಕಣೋ ಮುದುಕಾ. ಹೊಸ ದೋಣಿ ಇದ್ದ ಹಾಗಿದೆ. ಹೀಗಿದ್ರೆ ನೆಲದ ಮೇಲೂ ಮಲಗ್ತೀನಿ." ಎಡ್ವಿನ್ ಮುಖ ಆಚೆ ತಿರುಗಿಸಿ ಕಣ್ಣೊರೆಸಿಕೊಂಡ. ಗಾಳಿ ಎಂದ.

ಮಧ್ಯಾಹ್ನ ದ್ವೀಪ ಕಂಡಿತು. ಅವಳು ಹೊರಗೆ, ಮುಂದಿನ ತುದಿಯಲ್ಲಿ, ಗಾಳಿಗೆ ಮುಖವೊಡ್ಡಿ ಕೂತಿದ್ದಳು. ಕೋಣೆಯೆಲ್ಲ ಅವಳ ಬೆನ್ನ ಹಿಂದೆ. ಎದುರಿಗೆ ಬರೀ ಸಮುದ್ರ. ದಡದಲ್ಲಿ ಯಾರೋ ಊರುಗೋಲು ಎತ್ತಿ ಬೀಸುತ್ತಿದ್ದರು. ಎತ್ತಹೋದ ಅವಳ ಕೈ ಅರ್ಧಕ್ಕೇ ನಿಂತಿತು. ತುಟಿ ಚಪ್ಪರಿಸಿದಳು.

"ಬಂತು, ಎಡ್ವಿನ್..." ಎಂದು ಪಕ್ಕಕ್ಕೆ ಕುಸಿದಳು. ಮೈಯೆಲ್ಲ ಸೆಟೆದುಕೊಂಡಿತು.

ಹೆಲಿಕಾಪ್ಟರ್ ಬಂದು ಬೂಡೊ ನಗರದ ಆಸ್ಪತ್ರೆಗೆ ಒಯ್ದಿತು. ಹಿಂದೆಯೇ ಬಂದ ಎಡ್ವಿನ್ ಟೋಪಿಯನ್ನು ಹಿಂಡುತ್ತ ಕುರ್ಚಿಯ ಅಂಚಿನಲ್ಲಿ ಕೂತ. "ತಪ್ಪು ನನ್ನದೇ ಡಾಕ್ಟ್ರೇ. ದೋಣಿಯನ್ನ ಸರಿಯಾಗಿ..." ಎಂದು ಶುರುಮಾಡಿದ.

ವೈದ್ಯೆ ಅವಸರಿಸಲಿಲ್ಲ. ಮಾಗ್ನಿಯ ತಲೆಯೊಳಗಿನ ಚಿತ್ರವನ್ನು ಬೆಳಕಿಗೆ ಹಿಡಿದು, ಬಲಗಿವಿಯ ನೇರಕ್ಕೆ ಮಿದುಳಿನಲ್ಲಿ ಮೊಟ್ಟೆಯಷ್ಟು ದಪ್ಪಕ್ಕೆ ಬೆಳೆದಿದ್ದ ಬಿಳಿಯ ಗಡ್ಡೆಯ ಮೇಲೆ ಬೆರಳಿಟ್ಟಳು. ಆಮೇಲೆ, ಬಹಳ ಮೆಲ್ಲಗೆ ಕೇಳಿದಳು:

"ಇತ್ತೀಚೆಗೆ ಇವರಿಗೆ ಬೇರೆ ಯಾರಿಗೂ ಬಾರದ ಕೆಟ್ಟ ವಾಸನೆ ಏನಾದ್ರೂ ಬರ್ತಿತ್ತಾ, ಅಜ್ಜಾ?"