ಸ್ಟಿಕ್ಕರಿನ ಅಂಚು

ಕಂಪನಿಯ ವರ್ಷಾಂತ್ಯದ ಊಟದ ಲಾಟರಿಯಲ್ಲಿ ಗೆದ್ದ ಮ್ಯೂಸಿಕ್ ಪ್ಲೇಯರ್ ಕೈಗೆ ಬಂದದ್ದೇ ತಡ, ಎಂಜಿನಿಯರ್ ರುಯ್-ಬಿನ್‌ನ ಉಗುರು ಅದರ ಬೆನ್ನಿನ ಸ್ಟಿಕ್ಕರಿನ ಅಂಚನ್ನು ಕೆರೆಯತೊಡಗಿತು. ಸ್ಟಿಕ್ಕರಿನ ಮೇಲೆ ಅವನ ಕಂಪ್ಯೂಟರ್ ಕಂಪನಿಯ ಹೆಸರಿತ್ತು. ಅದರಡಿ, ಲೋಹದಲ್ಲಿ ಕೊರೆದಿದ್ದ ಹೆಸರು ಬೇರೆಯವರದು. ಅವನ ತಂಡ ಎರಡು ವರ್ಷ ಒದ್ದಾಡಿ ಮಾಡಿದ ಪ್ಲೇಯರನ್ನು ಮೂಲೆಗೆ ತಳ್ಳಿ, ಕಂಪನಿ ಇದನ್ನು ಕೊಂಡು ತಂದು ತನ್ನ ಹೆಸರು ಅಂಟಿಸಿತ್ತು.

"ಸುಮ್ನಿರೋ, ಕೆರೀಬೇಡ," ಎಂದು ಅದೇ ತಂಡದ ಫೆನಕ್ಕ ಮೇಜಿನಡಿ ಅವನ ಕಾಲು ತುಳಿದಳು. "ಕೋಳಿ ತಲೆ ನಿನ್ ಕಡೆ ತಿರುಗತ್ತೆ ನೋಡು."

ತೈಪೆಯ ಕಂಪನಿಗಳ ವರ್ಷಾಂತ್ಯದ ಊಟದಲ್ಲಿ ಮೇಜಿನ ಮೇಲೆ ಇಡಿಯಾಗಿ ಬಡಿಸಿದ ಕೋಳಿಯ ತಲೆ ಯಾರ ಕಡೆಗಿರುತ್ತದೋ ಅವರ ಕೆಲಸ ಹೋಯಿತೆಂದೇ ಅರ್ಥ. ಎಲ್ಲರೂ ನೆಮ್ಮದಿಯಾಗಿ ಉಣ್ಣಲೆಂದು ಯಜಮಾನ ಚುವಾಂಗ್ ಅದನ್ನು ನಗುತ್ತ ತನ್ನ ಕಡೆಗೇ ತಿರುಗಿಸಿಕೊಂಡಿದ್ದ. ಈಗ ಅವನು ಅದೇ ಮೇಜಿನಲ್ಲಿ ಕೂತಲ್ಲಿಂದಲೇ ಮೈಕನ್ನು ರುಯ್-ಬಿನ್‌ನ ಮುಖಕ್ಕೆ ಚಾಚಿದ.

"ನಮ್ಮವರೇ ಮಾಡಿದ ಪ್ಲೇಯರು ಇದು. ಮಾಡಿದೋನ ಬಾಯಲ್ಲೇ ಕೇಳೋಣ. ಹೇಳಪ್ಪಾ, ಹೇಗಿದೆ?"

ಇಡೀ ಸಭಾಂಗಣ ಚಪ್ಪಾಳೆ ತಟ್ಟಿತು. ರುಯ್-ಬಿನ್ ಮತ್ತೆ ಸ್ಟಿಕ್ಕರಿನ ಅಂಚಿಗೆ ಕೈ ಹಾಕಿದ. ಉಗುರು ಒಂದು ಸಲ ಜಾರಿತು, ಮತ್ತೆ ಹಿಡಿಯಿತು. ಸ್ಟಿಕ್ಕರ್ ಪೂರ್ತಿ ಕಿತ್ತು ಬಂತು.

"ತುಂಬಾ ಚೆನ್ನಾಗಿದೆ ಸಾರ್," ಎಂದ ಅವನು, ಬೆರಳ ತುದಿಗಂಟಿದ ಸ್ಟಿಕ್ಕರನ್ನು ಎತ್ತಿ ತೋರಿಸುತ್ತ. "ನಾವು ಮಾಡಿದ್ದು ಇಷ್ಟೇ."

ಚಪ್ಪಾಳೆ ಅಲ್ಲಲ್ಲೇ ನಿಂತಿತು. ಯಜಮಾನ ಏನನ್ನಾದರೂ ಹೇಳುವ ಮೊದಲೇ ರುಯ್-ಬಿನ್ ಕೋಳಿಯ ತಟ್ಟೆಯಿದ್ದ, ಮೇಜಿನ ನಡುವಿನ ತಿರುಗುವ ಗಾಜಿಗೆ ಕೈಯಿಟ್ಟು, ಕೋಳಿಯ ತಲೆ ತನ್ನೆದುರು ಬರುವವರೆಗೆ ಅದನ್ನು ಮೆಲ್ಲಗೆ ತಿರುಗಿಸಿದ.